ಮೂರು ಬೀಗದ ಶಟರ್

ನಮ್ಮ ಮಾರ್ಕೆಟ್ಟಿನ ಶಟರ್‌ಗೆ ಮೂರು ಬೀಗ. ಒಂದು ತರಕಾರಿಯವರದು, ಒಂದು ಮೀನಿನವರದು, ಒಂದು ರಿಪೇರಿಯವರದು. ಶಟರ್ ಬುಡದಲ್ಲಿ ಅಡ್ಡಲಾಗಿ ಒಂದು ಕಬ್ಬಿಣದ ಸರಳು, ಅದಕ್ಕೆ ಮೂರು ಕೊಂಡಿ. ಮೂರೂ ಬೀಗ ಕಳಚದೆ ಸರಳು ಅಲುಗುವುದಿಲ್ಲ. ತರಕಾರಿಯವರ ಕೀಲಿ ನನ್ನ ಹತ್ತಿರ ಇದೆ, ಅಮ್ಮನಿಂದ ಬಂದದ್ದು. ಮೀನಿನವರದು ಮೀನಕ್ಕನ ಸೊಂಟದಲ್ಲಿ. ರಿಪೇರಿಯವರೆಂದರೆ ನಾಲ್ಕೇ ಜನ: ಚಪ್ಪಲಿ, ಕೊಡೆ, ಚಾಕು ಸಾಣೆ, ಗಡಿಯಾರ. ಅವರ ಕೀಲಿ ಗಡಿಯಾರದವರ ಕೈಯಲ್ಲಿ. ಇಡೀ ಮಾರ್ಕೆಟ್ಟಿನಲ್ಲಿ ಅವರಷ್ಟು ತಡವಾಗಿ ಬರುವವರು ಇನ್ನೊಬ್ಬರಿಲ್ಲ, ಅದಕ್ಕೇ ಎಲ್ಲರೂ ಟೈಮಪ್ಪ ಎನ್ನುತ್ತಾರೆ.

ಯಾಕೆ ತಡ ಎಂದು ಕೇಳಿದರೆ, "ನನ್ನ ಅಂಗಡೀಲಿ ಒಂದೊಂದು ಗಡಿಯಾರ ಒಂದೊಂದು ಟೈಮ್ ಹೇಳುತ್ತೆ ಕಣಮ್ಮ, ಯಾವ್ದನ್ನ ನಂಬ್ಲಿ?" ಎಂದು ನಗುತ್ತಾರೆ.

ಅವರು ನಗುವಷ್ಟರಲ್ಲಿ ನನ್ನ ಸೊಪ್ಪು ಬಾಡಿರುತ್ತದೆ. ನಾನು ಅವರಿಗೆ ಹಾಕದ ಶಾಪವಿಲ್ಲ. ಆದರೆ ಬೈಯುವುದು ಬೇರೆ, ಕೀಲಿ ಕಿತ್ತುಕೊಳ್ಳುವುದು ಬೇರೆ.

ಈ ಮೂರು ಬೀಗ ಸುಮ್ಮನೆ ಬಂದವಲ್ಲ. ಅಮ್ಮನ ಕಾಲದಲ್ಲಿ ಇದ್ದದ್ದು ಒಂದೇ, ತರಕಾರಿಯವರದು. ಯಾವುದೋ ಜಗಳದ ಸಿಟ್ಟಿಗೆ ನಮ್ಮವರು ಒಂದು ದಿನ ಮೀನಿನವರನ್ನು ಒಳಗೇ ಬಿಡಲಿಲ್ಲ. ಮೀನೆಲ್ಲ ಬೀದಿಯಲ್ಲಿ, ಬಿಸಿಲಲ್ಲಿ ಕೊಳೆಯಿತು. ಆ ನಾತ ನಮ್ಮ ಕೋಸಿಗೂ ಹತ್ತಿ ಗಿರಾಕಿಗಳೇ ಈ ಕಡೆ ಸುಳಿಯಲಿಲ್ಲ. ಆಮೇಲೆ ಅಮ್ಮನೇ ಮುಂದೆ ನಿಂತು ಇನ್ನೆರಡು ಕೊಂಡಿ ಬೆಸುಗೆ ಹಾಕಿಸಿದಳು.

ಈ ಸಲ ಮಾರ್ಕೆಟ್ಟಿನ ಸಂಘದ ಅಧ್ಯಕ್ಷನಾದವನು ನಮ್ಮಣ್ಣ. ಅವನದು ಟೊಮೆಟೊ, ಈರುಳ್ಳಿಯ ಸಗಟು ವ್ಯಾಪಾರ. ಮಾರ್ಕೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತರಕಾರಿಯವರೇ ಆದ್ದರಿಂದ ಗೆಲ್ಲುವುದು ಕಷ್ಟವೇನಾಗಲಿಲ್ಲ. ಗೆದ್ದ ಮೇಲೆ ಒಂದು ಮಧ್ಯಾಹ್ನ ನನ್ನ ಕಟ್ಟೆಯ ಮೇಲೆ ಬಂದು ಕೂತು, ಬೆಣ್ಣೆ ಹಚ್ಚುವ ದನಿಯಲ್ಲಿ ಮಾತು ತೆಗೆದ.

"ಇನ್ಮೇಲೆ ಒಂದೇ ಬೀಗ ಸಾಕು ಅಂತಿದೀನಿ. ಕೀಲಿ ನಿನ್ನ ಕೈಲೇ ಇರ್ಲಿ. ನೀನು ಬಂದ ತಕ್ಷಣ ಬಾಗಿಲು ತೆಗೆದ್ರಾಯ್ತು."

"ಟೈಮಪ್ಪನೋರು ಒಪ್ತಾರಾ?"

"ಅವರ ಸಾಲಲ್ಲಿ ಕೋಲ್ಡ್ ರೂಮ್ ಕಟ್ಟಿಸ್ತೀನಿ ಕಣೆ. ನಿನ್ನ ಸೊಪ್ಪು ಎರಡು ದಿನ ಆದ್ರೂ ಹಸಿರಾಗೇ ಇರುತ್ತೆ."

ಸುಳ್ಳೇಕೆ ಹೇಳಲಿ, ಕೋಲ್ಡ್ ರೂಮ್ ಎಂದಾಗ ನನಗೂ ಬಾಯಲ್ಲಿ ನೀರೂರಿತು. ಆದರೂ ಕೇಳಿದೆ. "ಆ ನಾಲ್ಕು ಜನ ಎಲ್ಲಿಗೆ ಹೋಗ್ಬೇಕು?"

"ಹೊರಗೆ ಫುಟ್‌ಪಾತ್ ಇದೆಯಲ್ಲ. ಅವರೆಷ್ಟು ಜನ, ನಾವೆಷ್ಟು ಜನ?"

ಆಗ ನನಗೆ ಅವನ ಲೆಕ್ಕ ಅರ್ಥವಾಯಿತು. ಕೀಲಿ ಅವರ ಕೈಯಲ್ಲಿರುವವರೆಗೆ ಆ ನಾಲ್ಕು ಜನರನ್ನು ಒಪ್ಪಿಸದೆ ಒಂದು ಇಟ್ಟಿಗೆಯನ್ನೂ ಒಳಗೆ ತರಲಾಗದು. ಅವರು ಸುಮ್ಮನೆ ಮನೆಯಲ್ಲಿ ಕೂತರೆ ಸಾಕು, ಬಾಗಿಲೇ ತೆರೆಯುವುದಿಲ್ಲ. ಅಣ್ಣ ಆಗಲೇ ಅವರ ಸಾಲಿನ ನೆಲದಲ್ಲಿ ಟೇಪು ಹಿಡಿದು ಅಳೆದು, ಸೀಮೆಸುಣ್ಣದ ಗೆರೆ ಎಳೆದಿದ್ದ. ಕೊಡೆ ರಿಪೇರಿಯ ಅಜ್ಜಿ ಆ ಗೆರೆಯ ಮೇಲೆಯೇ ಚಾಪೆ ಹಾಸಿಕೊಂಡು ಕಡ್ಡಿ ಜೋಡಿಸುತ್ತಿದ್ದಳು.

ಸಭೆಯಲ್ಲಿ ನಾನು ಎದ್ದು ನಿಂತು ಬೇಡ ಎಂದೆ. "ರಿಪೇರಿಯವರ ಜಾಗ ಯಾರಿಗೆ ಬೇಕಾಗಿದೆ?" ಎಂದು ಕೇಳಿದೆ, ಯಾರ ಹೆಸರನ್ನೂ ಎತ್ತಲಿಲ್ಲ. "ನಾನ್ಯಾಕೆ ಅವರ ಜಾಗ ನುಂಗ್ಲಿ?" ಎಂದು ಅಣ್ಣನೇ ಬಾಯಿಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಜನ ನಕ್ಕರು. ನಕ್ಕವರೇ ಆಮೇಲೆ ಕೈಯನ್ನೂ ಎತ್ತಿದರು, ಒಂದೇ ಬೀಗದ ಪರವಾಗಿ.

ಹೊರಗೆ ಬರುವಾಗ ಟೈಮಪ್ಪ ಹೇಳಿದರು: "ಕೈ ಎತ್ತೋದ್ರಲ್ಲಿ ನಾವು ಯಾವತ್ತೂ ಗೆಲ್ಲಲ್ಲಮ್ಮ. ಅದಕ್ಕೇ ನಿಮ್ಮಮ್ಮ ನಮ್ಮ ಕೈಗೆ ಕೀಲಿ ಕೊಟ್ಟಿದ್ದು."

ಎರಡು ಬೀಗ ಬಿಚ್ಚಿ ಅವರವರಿಗೆ ಕೊಟ್ಟದ್ದಾಯಿತು. ಮೂರನೆಯದು, ಅಂದರೆ ನನ್ನದು, ಉಳಿಯಿತು. ನಾನು ಸಭೆಯಲ್ಲಿ ಎದುರು ಮಾತಾಡಿದ್ದರೂ ಅಣ್ಣ ಕೀಲಿಯನ್ನು ನನ್ನ ಕೈಯಲ್ಲೇ ಬಿಟ್ಟ. ಎಷ್ಟಾದರೂ ತಂಗಿ, ಎಲ್ಲಿ ಹೋಗುತ್ತಾಳೆ ಎಂದುಕೊಂಡಿರಬೇಕು. ಅವನು ತಪ್ಪಿದ್ದು ಅಲ್ಲೇ.

ಮರುದಿನ ಬೆಳಿಗ್ಗೆ ಕೀಲಿಯನ್ನು ಮುಷ್ಟಿಯಲ್ಲಿಟ್ಟುಕೊಂಡು ಶಟರ್‌ಗೆ ಬೆನ್ನು ಕೊಟ್ಟು ನಿಂತೆ. ತಳ್ಳುಗಾಡಿಗಳು ಸಾಲುಗಟ್ಟಿದವು. ಮೀನಕ್ಕ ಬಂದಳು. ಎಲ್ಲರೂ ಬಂದರು, ಟೈಮಪ್ಪ ಬರಲಿಲ್ಲ.

"ತೆಗಿಯೇ," ಎಂದ ಅಣ್ಣ.

"ಅವರು ಬರ್ಲಿ."

"ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿರ್ಬಹುದು. ಅವರು ಬರ್ಲಿ."

ನಮ್ಮವರೇ ನನ್ನನ್ನು ಬಾಯಿಗೆ ಬಂದಂತೆ ಬೈದರು. ನಾನು ಜಾಗ ಬಿಡಲಿಲ್ಲ. ಟೈಮಪ್ಪ ನಿಧಾನಕ್ಕೆ ಬಂದರು, ಕಾಯುತ್ತಿದ್ದ ಜನರನ್ನು ಕಂಡು ಬೆಪ್ಪಾದರು. ಆಮೇಲೆ ಬಾಗಿಲು ತೆಗೆದೆ. ಏನೋ ಗೆದ್ದವಳ ಹಾಗೆ ಎದೆಯುಬ್ಬಿಸಿ ಒಳಗೆ ನಡೆದೆ.

ಮೀನಕ್ಕ ಐಸ್ ಒಡೆಯುತ್ತಾ ನನ್ನನ್ನು ಕರೆದಳು. ಅವಳದು ಹರಿತವಾದ ನಾಲಿಗೆ.

"ಇವತ್ತು ನೀನು ಕಾದೆ, ಒಳ್ಳೇದಾಯ್ತು. ಆದ್ರೆ ನಾಳೆ ನಿಂಗೆ ನಮ್ಮ ಮೇಲೆ ಸಿಟ್ಟು ಬಂದ್ರೆ? ನಿನ್ನ ಕಾಲ ಆದ್ಮೇಲೆ ಸೊಸೆ ಬಂದು ಕೂತ್ರೆ? ದಿನಾ ನಿನ್ನ ಉಪಕಾರದ ಮೇಲೇ ನಾವು ಒಳಗೆ ಬರ್ಬೇಕಾ ತಂಗಿ?"

ನನಗೆ ಬಹಳ ನೋವಾಯಿತು. ಅವರ ಪರವಾಗಿ ಅಣ್ಣನನ್ನೇ ಎದುರು ಹಾಕಿಕೊಂಡವಳಿಗೆ ಈ ಮಾತೇ ಎನಿಸಿತು. ಸೊಪ್ಪಿಗೆ ನೀರು ಚಿಮುಕಿಸುತ್ತಾ ಮಧ್ಯಾಹ್ನದವರೆಗೆ ಯೋಚಿಸಿದೆ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳು ಸಿಗಲಿಲ್ಲ. ನನ್ನ ಒಳ್ಳೆಯತನವೂ ಒಂಟಿ ಬೀಗವೇ ಆಗಿತ್ತು.

ಸಂಜೆ ಶಟರ್ ಎಳೆದ ಮೇಲೆ ಮೀನಕ್ಕ, ಟೈಮಪ್ಪ ಇಬ್ಬರನ್ನೂ ಕರೆದೆ. "ನಿಮ್ಮ ಬೀಗ ತನ್ನಿ. ಕೊಂಡಿ ಇನ್ನೂ ಯಾರೂ ಕತ್ತರಿಸಿಲ್ಲ."

ಅಣ್ಣ ಓಡಿ ಬಂದ. "ಸಭೆ ಒಪ್ಪಿದ್ದನ್ನ ಮುರಿಯೋಕೆ ನೀನ್ಯಾರು?"

"ಇನ್ನೊಂದು ಸಭೆ ಕರಿ. ನನ್ನ ಕೈಯಿಂದ ಕೀಲಿ ಕಿತ್ಕೋ, ಬೇಕಾದ್ರೆ ಸಂಘದಿಂದಾನೇ ತೆಗೆದುಹಾಕು. ಆದ್ರೆ ಇದೊಂದು ಯೋಚ್ನೆ ಮಾಡು. ದೊಡ್ಡ ದೊಡ್ಡ ಅಂಗಡಿ ಬರ್ತಿವೆ, ಸೊಪ್ಪು ಮಾರೋರು ದಿನಾ ಕಮ್ಮಿ ಆಗ್ತಿದೀವಿ. ಒಂದಿನ ನಾವೂ ನಾಲ್ಕೇ ಜನ ಉಳೀತೀವಿ. ಆವತ್ತು ಯಾರ ಹತ್ರ ಹೋಗಿ, ನಮ್ಮನ್ನೂ ಸ್ವಲ್ಪ ಒಳಗೆ ಬಿಡಿ ಅಂತ ಕೈ ಮುಗೀಲಿ?"

ಅಣ್ಣ ಬೆನ್ನು ತಿರುಗಿಸಿದ. "ಇನ್ನು ನಮ್ಮನೆ ಮೆಟ್ಟಿಲು ಹತ್ತಬೇಡ," ಎಂದು ಹೊರಟುಹೋದ. ಮೀನಕ್ಕ ತನ್ನ ಬೀಗ ಹಾಕಿದಳು, ಟೈಮಪ್ಪ ತಮ್ಮದನ್ನು ಹಾಕಿದರು. ನಾನು ಕಣ್ಣೊರೆಸಿಕೊಂಡು ನನ್ನದನ್ನು ಹಾಕಿದೆ.

ಬೆಳಿಗ್ಗೆ ಬಂದು ನೋಡಿದರೆ ಶಟರ್ ಮುಂದೆ ಅಣ್ಣನ ಟೊಮೆಟೊ ಲಾರಿ ನಿಂತಿತ್ತು. ನಾನು ಬೀಗ ತೆಗೆದೆ, ಮೀನಕ್ಕ ತೆಗೆದಳು. ಮೂರನೆಯದು ಹಾಗೇ ಇತ್ತು. ಲಾರಿಯವನು ಹಾರ್ನ್ ಹೊಡೆದ. ಸುತ್ತಿಗೆ ತಂದು ಒಡೆದುಬಿಡೋಣ ಎಂದು ಯಾರೋ ಹೇಳಿದರು. ಅಣ್ಣ ನನ್ನ ಮುಖ ನೋಡಿದ. ನಾನು ಸರಳಿನ ಮೇಲೆ ಕಾಲಿಟ್ಟು ನಿಂತೆ.

ಅಣ್ಣ ಏನೋ ಗೊಣಗಿಕೊಂಡು ಸ್ಕೂಟರ್ ಹತ್ತಿದ. ತಿರುಗಿ ಬಂದಾಗ ಹಿಂದಿನ ಸೀಟಿನಲ್ಲಿ ಟೈಮಪ್ಪ ಕೂತಿದ್ದರು, ಒಂದು ಕೈಯಲ್ಲಿ ಕೀಲಿ, ಇನ್ನೊಂದು ಕೈ ಅಧ್ಯಕ್ಷರ ಹೆಗಲ ಮೇಲೆ.

ಟೈಮಪ್ಪ ಬಗ್ಗಿ ಬೀಗ ತೆಗೆದರು. ಸರಳು ಎಳೆಯುತ್ತಾ ಅಣ್ಣ, ನನ್ನ ಕಡೆ ನೋಡದೆ, ಅವರಿಗೆ ಹೇಳಿದ: "ಕೋಲ್ಡ್ ರೂಮ್ ಅಂತೂ ಬೇಕೇ ಬೇಕು. ನಿಮ್ಮ ಸಾಲು ಬಿಟ್ಟು ಎಲ್ಲಿ ಕಟ್ಬಹುದು ಅಂತ ಕೂತು ಮಾತಾಡೋಣ. ಮೀನಿನೋರ್ನೂ ಕರೀತೀನಿ. ಮಧ್ಯಾಹ್ನ ಬನ್ನಿ."

"ಬರ್ತೀನಿ," ಎಂದರು ಟೈಮಪ್ಪ.

ಅಣ್ಣ ಎರಡು ಹೆಜ್ಜೆ ನಡೆದು ನಿಂತ, ಹಿಂತಿರುಗಿ ಕೇಳಿದ: "ಯಾವ ಗಡಿಯಾರದ ಮಧ್ಯಾಹ್ನ?"

"ಅದನ್ನೂ ಕೂತೇ ಮಾತಾಡೋಣ," ಎಂದೆ ನಾನು.