ಏಳು ಗಂಟೆಯ ಬಿಸಿನೀರು

ಸಂಜೆ ಏಳಾಯಿತೆಂದರೆ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಎಲ್ಲರಿಗೂ ಒಟ್ಟಿಗೇ ಬಿಸಿನೀರು ಬೇಕು. ನಲವತ್ತು ಮನೆ, ನಲವತ್ತು ಗೀಸರ್. ಅದೇ ಹೊತ್ತಿಗೆ ದೀಪ, ಒಲೆ, ಲಿಫ್ಟ್. ವಾರಕ್ಕೆರಡು ಸಲವಾದರೂ ಫ್ಯೂಸ್ ಹಾರಿ ಕಟ್ಟಡವೆಲ್ಲ ಕತ್ತಲಾಗುತ್ತಿತ್ತು.

ವಿದ್ಯುತ್ ಕಚೇರಿಯಲ್ಲಿ ಲೈನ್ ಕೆಲಸ ಮಾಡುವ ಹೆಂಗಸೊಬ್ಬಳು ಒಂದು ದಿನ ಎಲ್ಲರನ್ನೂ ಮೆಟ್ಟಿಲ ಬಳಿ ಸೇರಿಸಿದಳು. ಎಲ್ಲರ ಬಾಯಲ್ಲೂ ಅವಳು ಲೈನಕ್ಕ.

"ಗೀಸರ್‌ಗೆ ಈ ಪುಟ್ಟ ಪೆಟ್ಟಿಗೆ ಹಾಕಿದ್ರೆ, ಯಾವಾಗ ಕಾಯಬೇಕು ಅಂತ ಅದೇ ನೋಡ್ಕೊಳ್ಳುತ್ತೆ" ಎಂದಳು.

ಕೆಳಮನೆಯ ಗಾರೆ ಮೇಸ್ತ್ರಿ ತಲೆ ಅಲ್ಲಾಡಿಸಿದ. "ದಿನವಿಡೀ ಸಿಮೆಂಟಲ್ಲಿ ನಿಂತು ಬರೋನು ನಾನು. ಬಿಸಿನೀರು ಬೀಳದಿದ್ರೆ ಸೊಂಟ ನೆಟ್ಟಗಾಗಲ್ಲ. ನನ್ನ ಬಚ್ಚಲಿಗೆ ನಿಮ್ಮ ಕಚೇರಿ ಯಾಕಕ್ಕ ಕೈ ಹಾಕಬೇಕು?"

"ನೀರು ಕಡಿಮೆ ಆಗಲ್ಲ ಮೇಸ್ತ್ರಿಗಳೇ, ಕಾಯಿಸೋ ಹೊತ್ತು ಬದಲಾಗುತ್ತೆ ಅಷ್ಟೆ. ಮಧ್ಯಾಹ್ನ ಬಿಸಿಲಿಂದ ಬರೋ ಸೋಲಾರ್ ಕರೆಂಟ್ ಧಾರಾಳವಾಗಿರುತ್ತೆ. ಆಗ ಕಾಯಿಸಿಟ್ರೆ ಟ್ಯಾಂಕಿನ ಬಿಸಿ ಸಂಜೆವರೆಗೂ ನಿಲ್ಲುತ್ತೆ. ಸಂಜೆ ಎಲ್ಲರೂ ಕರೆಂಟ್ ಎಳೆಯುವಾಗ ಗೀಸರ್ ಸ್ವಲ್ಪ ಸುಮ್ಮನಿರುತ್ತೆ."

"ಊರಿಗೆಲ್ಲ ಉಪಕಾರ, ನನಗೆ ತಣ್ಣೀರು!"

ಎಲ್ಲರೂ ನಕ್ಕರು. ಮೇಸ್ತ್ರಿ ಬೇಡವೆಂದ ಮೇಲೆ ಮಿಕ್ಕವರೂ ಮೆಲ್ಲಗೆ ಜಾರಿಕೊಂಡರು.

ಮರುವಾರ ಮೇಸ್ತ್ರಿ ಮೈಗೆ ಸೋಪು ಹಚ್ಚಿಕೊಂಡಿದ್ದಾಗ ಫ್ಯೂಸ್ ಹಾರಿತು. ಗೊಣಗಿಕೊಳ್ಳುತ್ತಾ ನಿಂತವನಿಗೆ ಮೂರನೇ ಮಹಡಿಯ ಟೈಲರ್ ಕೂಗಿದ್ದು ಕೇಳಿಸಿತು: "ಅಮ್ಮನ ಉಸಿರಿನ ಯಂತ್ರ ನಿಂತುಹೋಯ್ತು! ಆಕ್ಸಿಜನ್ ಸಿಲಿಂಡರ್ ಕೆಳಗಿನ ಕೋಣೇಲಿದೆ, ಲಿಫ್ಟೂ ಇಲ್ಲ!"

ಮೇಸ್ತ್ರಿ ಟವೆಲ್ ಸುತ್ತಿಕೊಂಡು ಓಡಿದ. ಸಿಲಿಂಡರನ್ನು ಹೆಗಲಿಗೇರಿಸಿ ಕತ್ತಲಲ್ಲೇ ಮೂರು ಮಹಡಿ ಹತ್ತಿದ. ಮುದುಕಿಯ ತುಟಿ ನೀಲಿಗಟ್ಟಿತ್ತು. ಟೈಲರ್ ಕೊಳವೆ ಜೋಡಿಸಿದ. ಐದು ನಿಮಿಷಕ್ಕೆ ಆಕೆ ಕಣ್ಣು ಬಿಟ್ಟು, ಮೇಸ್ತ್ರಿಯ ಕೈ ಸವರಿ, "ಹೋಗಪ್ಪ, ಮೈ ತೊಳ್ಕೋ. ಸೋಪು ಒಣಗ್ತಿದೆ" ಎಂದಳು.

ಅವನು ಮೆಲ್ಲಗೆ ಮೆಟ್ಟಿಲಿಳಿದ.

ಕೆಳಗೆ, ಸುದ್ದಿ ತಿಳಿದು ಬಂದಿದ್ದ ಲೈನಕ್ಕ ಫ್ಯೂಸ್ ಹಾಕುತ್ತಿದ್ದಳು. ಮೇಸ್ತ್ರಿ ತಗ್ಗಿದ ದನಿಯಲ್ಲಿ ಕೇಳಿದ: "ಇದು ನನ್ನ ಗೀಸರಿಂದ ಆಗಿದ್ದಾ?"

"ನಿಮ್ಮದೊಂದರಿಂದಲ್ಲ. ನಲವತ್ತೂ ಸೇರಿ."

"ಪೆಟ್ಟಿಗೆ ಹಾಕಿದ್ಮೇಲೆ ನೀರು ಸಾಲದಿದ್ರೆ?"

"ಅದರಲ್ಲೊಂದು ಗುಂಡಿ ಇದೆ. ಒತ್ತಿದ್ರೆ ಯಾವ ಹೊತ್ತಲ್ಲಾದ್ರೂ ಕಾಯುತ್ತೆ. ಕೊನೇ ಮಾತು ಮನೆಯವರದ್ದೇ."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಹೇಳೋಕೆ ಬಿಟ್ರೆ ತಾನೇ ನೀವು!"

ಮೇಸ್ತ್ರಿ ನಾಚಿಕೊಂಡ. "ಮೊದಲು ನಮ್ಮನೆಗೇ ಹಾಕಿ. ಮಿಕ್ಕವರನ್ನ ನಾನು ಒಪ್ಪಿಸ್ತೀನಿ."

ಮನೆಮನೆಗೆ ಹೋಗಿ ಒಪ್ಪಿಸಿದ. ಎಲ್ಲ ಗೀಸರ್‌ಗಳಿಗೂ ಪೆಟ್ಟಿಗೆ ಬಂತು. ಒಂದು ಸಂಜೆ ಮಾತ್ರ, ಹೆಂಡತಿ ಬಿಸಿನೀರಲ್ಲಿ ಕಂಬಳಿಗಳನ್ನು ಒಗೆದಿದ್ದರಿಂದ ಅವನಿಗೆ ಉಗುರುಬೆಚ್ಚಗಿನ ನೀರು ಸಿಕ್ಕಿತು. ರೇಗಿದವನಿಗೆ ಅವಳು, "ರೀ, ಕೂಗೋ ಬದಲು ಗುಂಡಿ ಒತ್ತಿ" ಎಂದಳು. ಅರ್ಧ ಗಂಟೆಯಲ್ಲಿ ನೀರು ಕಾದಿತ್ತು. ಉಳಿದ ದಿನ ಗೀಸರ್ ಯಾವಾಗ ಸುಮ್ಮನಿತ್ತೆಂಬುದೇ ಅವನಿಗೆ ತಿಳಿಯಲಿಲ್ಲ. ಆ ತಿಂಗಳು ಫ್ಯೂಸ್ ಒಮ್ಮೆಯೂ ಹಾರಲಿಲ್ಲ.

ನಿಮ್ಮ ಕಟ್ಟಡದಲ್ಲೂ ಸಂಜೆ ಹೀಗೆಯೇ ಕರೆಂಟ್ ಕೈಕೊಡುತ್ತದೆಯೇ? ನೆರೆಹೊರೆಯವರು ಕೂತು ಮಾತಾಡಿ. ಇಂಥ ಪೆಟ್ಟಿಗೆಯಿರುವ ಸ್ಮಾರ್ಟ್ ಗೀಸರ್ ಬಗ್ಗೆ ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿ, ಸಂದೇಹವಿದ್ದರೆ ಧಾರಾಳವಾಗಿ ಕೇಳಿ. ಮನೆಯಲ್ಲಿ ಉಸಿರಿನ ತೊಂದರೆಯವರಿದ್ದರೆ ಸಿಲಿಂಡರನ್ನು ಕೈಗೆಟಕುವಲ್ಲೇ ಇಡಿ. ಒಂದೊಂದು ಮನೆಯ ಗೀಸರೂ ಸ್ವಲ್ಪ ಹೊತ್ತು ತಡೆದರೆ ಇಡೀ ಊರಿನ ವಿದ್ಯುತ್ ಜಾಲದ ಹೊರೆ ಇಳಿಯುತ್ತದೆ. ಸಂಜೆ ಸ್ವಿಚ್ಚಿಗೆ ಕೈ ಹಾಕುವ ಮುನ್ನ, ಮೇಲಿನ ಮನೆಯಲ್ಲಿ ಯಾರಿದ್ದಾರೆಂದು ಒಮ್ಮೆ ನೆನೆಯಿರಿ.