ಕುಣಿಯೊಳಗಿನ ಕೆಮ್ಮು

ಯಮನವ್ವ ರಾಟಿ ತಿರುವುತ್ತ ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಮಧ್ಯಾಹ್ನದ ಬೆಟಗೇರಿ ಓಣಿ ಸಪ್ಪಳವಿಲ್ಲದೆ ಬಿದ್ದಿತ್ತು. ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮತ್ತೆ ಆ ಕೆಮ್ಮು ಬಂತು: ಎರಡು ಸಣ್ಣವು, ಆಮೇಲೆ ಎದೆ ಕೆರೆದಂಥದೊಂದು. ಹೋದ ವರ್ಷ ತೀರಿಕೊಂಡ ಅತ್ತೆ ತಿಪ್ಪವ್ವನದೇ ಕೆಮ್ಮು. ಆಕೆ ಹೋದಮೇಲೆ ಕುಣಿಗೆ ಗೋಣಿತಟ್ಟು ಮುಚ್ಚಿ, ಅಮಾವಾಸ್ಯೆಗೊಮ್ಮೆ ಅದರ ಮೇಲೆ ಬೆಲ್ಲ, ನೂಲು ತುಂಬಿದ ಒಂದು ಕಂಡಿಕಿ ಇಡುತ್ತಿದ್ದರು. ಕೈಗೆ ಕೆಲಸ ಸಿಕ್ಕರೆ ಮುದುಕಿ ಸುಮ್ಮನಿರುತ್ತಾಳೆಂಬ ಆಸೆ.

ಹೊಸ್ತಿಲಲ್ಲಿ ನರ್ಸ್ ರಂಜನಾ ನಿಂತಿದ್ದಳು. ತಿಪ್ಪವ್ವನಿಗೆ ಏನು ಕೆಲಸವೆಂದು ದವಾಖಾನೆಯಲ್ಲಿ ಯಾರೂ ಕೇಳಲಿಲ್ಲ, ಬರೀ ಕೆಮ್ಮಿನ ಔಷಧ ಕೊಟ್ಟು ಕಳಿಸಿದರು, ನೇಕಾರರ ಓಣಿಗೇ ಬಂದು ಎದೆ ತಪಾಸಣೆ ಮಾಡಿರಿ ಎಂದು ಯಮನವ್ವ ಹೇಳಿದ್ದನ್ನು ರಂಜನಾಳೇ ಆರೋಗ್ಯ ಇಲಾಖೆಗೆ ಪತ್ರವಾಗಿ ಬರೆದುಕೊಟ್ಟಿದ್ದಳು. ಕೆಮ್ಮಿನ ಮನೆಯೆಂದರೆ ಸಾವಕಾರ ನೂಲು ಕೊಡಲಿಕ್ಕಿಲ್ಲವೆಂದು ಅಂಜಿ, ಯಮನವ್ವ ಸಹಿ ಹಾಕದೆ ಅದನ್ನು ಗೋಡೆಯ ಮಾಡದಲ್ಲಿಟ್ಟಿದ್ದಳು.

"ನಿಮಗೂ ಕೇಳಸ್ತಲ್ರಿ ಸಿಸ್ಟರ? ನಮ್ಮ ಅತ್ತಿ."

"ಕೇಳಸ್ತ್ರಿ. ಆದ್ರ ಸತ್ತವರಿಗೆ ಕೆಮ್ಮಾಕ ಉಸರ ಎಲ್ಲಿಂದ ಬರತೈತಿ?" ರಂಜನಾ ಗೋಣಿತಟ್ಟು ಸರಿಸಿದಳು.

ಒಳಗೆ ಸೊಸೆ ರೋಜಾ, ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು.

"ಯಾವಾಗಿಂದಲೇ ಇದು?"

"ದೀಪಾವಳಿಯಿಂದ್ರಿ ಅತ್ತಿ. ತವರಮನಿಗೆ ಕಳಸ್ತೀರಿ ಅಂತ ಅಂಜಿದ್ನಿ. ಇಲ್ಲೆ ಕೆಮ್ಮಿದ್ರ ಎಲ್ಲಾರೂ ಅಜ್ಜಿ ಅಂತೀರಿ."

ಯಮನವ್ವನ ಕೈಯೊಳಗಿನ ಎಳೆ ಹರಿಯಿತು. "ಇಕಿಗೂ ಅದ ಔಷಧ ಕೊಟ್ಟ ಕಳಸ್ತಾರ."

"ಈ ಸಲ ನಾ ಜೋಡಿ ಬರ್ತೇನ್ರಿ. ಆದ್ರ ಡಾಕ್ಟರ ಮುಂದ ಮಾತಾಡೂ ಬಾಯಿ ಇಕಿದ ಇರಬೇಕು." ರಂಜನಾ ರೋಜಾಳನ್ನು ಮೇಲೆತ್ತಿದಳು. "ನೂಲಿನ ಧೂಳದಾಗ ಕೆಲಸ ಮಾಡ್ತೇನಿ, ಎದಿ ಫೋಟೋ ತಗೀರಿ. ಅನ್ನು ನೋಡೂಣು."

ರೋಜಾ ಗೊಣಗಿದಳು.

"ಜೋರಾಗಿ. ಇಷ್ಟ ದಿನ ಓಣಿಗೆಲ್ಲಾ ದೆವ್ವಾಗಿ ಅಂಜಿಸಿದಾಕಿ, ಒಬ್ಬ ಡಾಕ್ಟರಗ ಅಂಜತೀಯೇನು?"

ರೋಜಾ ನಕ್ಕಳು. ಎರಡನೇ ಸಲ ಗಟ್ಟಿಯಾಗಿಯೇ ಅಂದಳು.

"ನಿನ್ನೆ ಅಂತೂ ಮಧ್ಯಾಹ್ನೆಲ್ಲಾ ಕೆಮ್ಮಿದಿ," ಅಂದಳು ಯಮನವ್ವ.

"ನಿನ್ನೆ ನಾ ಯಳವತ್ತಿಗೆ ಹೋಗಿದ್ನಲ್ರಿ, ಅಕ್ಕನ ಮನಿಗೆ. ದೀಪಾ ಹಚ್ಚೂ ಹೊತ್ತಿಗೆ ಬಂದ್ನಿ."

ಮೂವರೂ ಕುಣಿಯತ್ತ ತಿರುಗಿದರು. ಬರಿದಾದ ಕುಣಿಯಲ್ಲಿ ಕಾಲಿಂದ ತುಳಿಯುವ ಹಲಗೆ ಮೆಲ್ಲಗೆ ಕೆಳಗಿಳಿದು, ಅಲ್ಲೇ ನಿಂತಿತು.

ಯಮನವ್ವ ಎದ್ದು ಮಾಡದಿಂದ ಪತ್ರ ತೆಗೆದು ಸಹಿ ಹಾಕಿದಳು. "ಸಾವಕಾರ ನೂಲ ಬಂದ್ ಮಾಡಿದ್ರ ಮಾಡ್ಲಿ. ಇನ್ನೊಂದ ಹೆಣಾ ಹೊರಾಕ ನನ್ನಿಂದ ಆಗೂದಿಲ್ಲ."

ಓಣಿಯ ತುದಿಯ ಅಂಚೆಪೆಟ್ಟಿಗೆ ಬಿಸಿಲಿಗೆ ಸುಡುತ್ತಿತ್ತು. ಯಮನವ್ವ ಲಕೋಟೆಯನ್ನು ಒಳಗೆ ಬಿಟ್ಟು, ಅದು ತಳ ಮುಟ್ಟುವ ಸಪ್ಪಳಕ್ಕೆ ಕಿವಿಗೊಟ್ಟು ನಿಂತಳು. ಬಹಳ ಹೊತ್ತಿನ ಮೇಲೆ ಆ ಸಪ್ಪಳ ಕೇಳಿಸಿತು.