ಮೀನು ಒಗ್ಗದ ಬೆಕ್ಕು

ಎರ್ಸಿಲಿಯಾಳ ಬೆಕ್ಕಿನ ಕೂದಲು ಉದುರಲು ಶುರುವಾದದ್ದು ಬೂರುಗದ ಕಾಯಿ ಒಡೆಯುವ ಕಾಲದಲ್ಲಿ. ಆ ದಿನಗಳಲ್ಲಿ ನದಿದಡದ ನಮ್ಮೂರು ಮೊಂಪೋಸಿನ ಗಾಳಿಯಲ್ಲೆಲ್ಲ ಹತ್ತಿ ತೇಲುತ್ತಿರುತ್ತದೆ. ಕಿಟಕಿಯಿಂದ ಒಳಗೆ ಬಂದು ಅನ್ನದ ತಟ್ಟೆಯ ಮೇಲೆ, ಮಲಗಿದವರ ರೆಪ್ಪೆಯ ಮೇಲೆ ಕೂರುತ್ತದೆ. ಅದರ ನಡುವೆ ಬೆಲ್ಲದ ಬಣ್ಣದ ಎಳೆಗಳೂ ತೇಲುತ್ತಿವೆ ಎಂದು ಎರ್ಸಿಲಿಯಾಳಿಗೆ ಗೊತ್ತಾಗುವ ಹೊತ್ತಿಗೆ ಬೆಕ್ಕಿನ ಹೊಟ್ಟೆ ಪೂರ್ತಿ ಬೋಳಾಗಿತ್ತು.

ಬೆಕ್ಕಿನ ಹೆಸರು ಪನೇಲಾ, ಅಂದರೆ ಬೆಲ್ಲ. ವಯಸ್ಸು ಹದಿನಾಲ್ಕು. ಎರ್ಸಿಲಿಯಾಳಿಗೆ ಅರವತ್ತೊಂಬತ್ತು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಟೈಪಿಂಗ್ ಕಲಿಸಿದವಳು, ಮದುವೆಯಾಗಲಿಲ್ಲ. ನಾನು ಅವಳ ಎದುರುಮನೆಯವಳು. ಸಂಜೆ ಇಬ್ಬರೂ ತೂಗುಕುರ್ಚಿಗಳನ್ನು ಬೀದಿಗೆ ಎಳೆದುಕೊಂಡು ಕೂರುತ್ತೇವೆ. ಇದೆಲ್ಲ ಅವಳೇ ಅಲ್ಲಿ ಕೂತು ಹೇಳಿದ್ದು, ಕೊನೆಯದೊಂದು ಬಿಟ್ಟು.

ಪಶುವೈದ್ಯೆ ನಯೀಬೆ ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿ ಚರ್ಮವನ್ನು ಬೆರಳಿನಿಂದ ಸವರಿ ನೋಡಿದಳು.

"ನಿನ್ಯಾ ಎರ್ಸಿಲಿಯಾ, ಇದು ವಯಸ್ಸಾಗಿ ಉದುರ್ತಿರೋ ಕೂದಲಲ್ಲ. ಇವಳೇ ನೆಕ್ಕಿ ನೆಕ್ಕಿ ಕಿತ್ಕೋತಿದಾಳೆ. ಮೈಯೆಲ್ಲ ಕಡಿತ."

ನಮ್ಮ ಕಡೆ ಎಷ್ಟೇ ವಯಸ್ಸಾದ ಹೆಂಗಸನ್ನೂ ಗೌರವದಿಂದ 'ನಿನ್ಯಾ', ಹುಡುಗಿ, ಎಂದೇ ಕರೆಯುವುದು.

"ನನ್ನೆದುರಿಗೆ ಒಂದು ದಿನಾನೂ ಕೆರ್ಕೊಂಡಿಲ್ವಲ್ಲ ಡಾಕ್ಟ್ರಮ್ಮ!"

"ಬೆಕ್ಕಿನ ಜಾತೀನೇ ಹಾಗೆ. ಕಷ್ಟಾನೆಲ್ಲ ಮರೇಲಿ ಅನುಭವಿಸ್ತವೆ."

ಮೊದಲು ಚಿಗಟಕ್ಕೆ ಔಷಧಿ ಹಾಕಿದರು. ಆಮೇಲೆ ಚರ್ಮ ಕೆರೆದು ಹುಳುಕಡ್ಡಿ ಇದೆಯೇ ಎಂದು ನೋಡಿದರು. ಮುದಿ ಬೆಕ್ಕಾದ್ದರಿಂದ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಏನೂ ಸಿಗಲಿಲ್ಲ. ಒಂದು ಚುಚ್ಚುಮದ್ದಿನಿಂದ ಹದಿನೈದು ದಿನ ಕಡಿತ ನಿಂತು, ಮತ್ತೆ ಬಂತು. ಈ ವಯಸ್ಸಿನಲ್ಲಿ ಆ ಮದ್ದನ್ನು ಪದೇ ಪದೇ ಕೊಡಲು ನಯೀಬೆಗೆ ಮನಸ್ಸಿರಲಿಲ್ಲ.

"ತಿನ್ನೋದು ಏನೋ ಒಗ್ತಿಲ್ಲ ಅನ್ಸುತ್ತೆ. ವರ್ಷಗಟ್ಟಲೆ ತಿಂದದ್ದೇ ಒಂದಿನ ಮೈಗೆ ಆಗದೆ ಹೋಗಬಹುದು. ಇವಳು ಹುಟ್ಟಿದಾಗಿಂದ ತಿಂದಿಲ್ಲದ ಮಾಂಸ ಯಾವುದಿದೆ?"

"ಮೊಲ?"

"ಸರಿ, ಎಂಟು ವಾರ ಬೇಯಿಸಿದ ಮೊಲದ ಮಾಂಸ ಒಂದೇ. ಬೇರೆ ಒಂದು ತುಣುಕೂ ಬಾಯಿಗೆ ಹೋಗಬಾರದು."

ಎರ್ಸಿಲಿಯಾ ದೋಣಿಯಲ್ಲಿ ಆಚೆದಡಕ್ಕೆ ಹೋಗಿ ಮೊಲ ಸಾಕುವವನ ಹತ್ತಿರ ಮಾಂಸ ತಂದಳು. ಉಪ್ಪು ಹಾಕದೆ ಬೇಯಿಸಿದಳು. ನಾಲ್ಕು ವಾರವಾಯಿತು. ಬೋಳು ಹೊಟ್ಟೆಯಿಂದ ತೊಡೆಗೆ, ತೊಡೆಯಿಂದ ಪಕ್ಕೆಗೆ ಹರಡಿತೇ ಹೊರತು ಕಡಿಮೆಯಾಗಲಿಲ್ಲ.

"ಯಾರೋ ಇವಳಿಗೆ ಊಟ ಹಾಕ್ತಿದಾರೆ," ಎಂದಳು ನಯೀಬೆ. "ಮಧ್ಯಾಹ್ನ ಎಲ್ಲಿಗೆ ಹೋಗ್ತಾಳೆ?"

ಎರ್ಸಿಲಿಯಾಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಅವಳು ನಿದ್ದೆ ಮಾಡುತ್ತಾಳೆ. ಇಡೀ ಊರೇ ನಿದ್ದೆ ಮಾಡುತ್ತದೆ.

ಮರುದಿನ ಅವಳು ಮಲಗಲಿಲ್ಲ. ಒಂದು ಗಂಟೆಗೆ ಪನೇಲಾ ಮೈಮುರಿದು ಎದ್ದು, ಅಂಗಳದ ಗೋಡೆ ಹತ್ತಿ ಹೊರಟಿತು. ಎರ್ಸಿಲಿಯಾ ಟೋಪಿ ಇಟ್ಟುಕೊಂಡು ಬೀದಿಯಲ್ಲಿ ಹಿಂಬಾಲಿಸಿದಳು. ಆ ಹೊತ್ತಿನಲ್ಲಿ ಅವಳು ಊರನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಸುಣ್ಣದ ಗೋಡೆಗಳು ಬಿಸಿಲಿಗೆ ನೀರಿನ ಹಾಗೆ ಅಲುಗುತ್ತಿದ್ದವು. ನಾಯಿಗಳು ಬಾಗಿಲಿಗೊಂದರಂತೆ ಸತ್ತ ಹಾಗೆ ಬಿದ್ದಿದ್ದವು. ಯಾರದೋ ಮನೆಯಲ್ಲಿ ರೇಡಿಯೋ ತನ್ನಷ್ಟಕ್ಕೆ ಹಾಡುತ್ತಿತ್ತು, ಕೇಳುವವರು ನಿದ್ದೆಯಲ್ಲಿದ್ದರು. ಬೆಕ್ಕು ಗೋಡೆಯ ಮೇಲೆ, ಇವಳು ನೆರಳಿನಲ್ಲಿ. ತಾನೂ ಮಂಚದ ಮೇಲೆಯೇ ಇದ್ದೇನೆ, ಇದು ಕನಸು ಎಂದು ಅವಳಿಗೆ ಎರಡು ಸಲ ಅನಿಸಿತಂತೆ.

ನದಿಯ ಬೀದಿಯ ಕೊನೆಯಲ್ಲೊಂದು ತಗ್ಗು ಮನೆ. ಬೆಕ್ಕು ಕಿಟಕಿಯ ಸರಳುಗಳ ನಡುವೆ ತೂರಿ ಒಳಗೆ ಹೋಯಿತು.

"ಬಂದ್ಯಾ ಕಪಿತಾನಾ? ಇವತ್ತು ಹತ್ತು ನಿಮಿಷ ತಡ. ಪ್ರಯಾಣಿಕರು ಬೈತಿದಾರೆ," ಎಂದಿತು ಒಂದು ಗಂಡಸಿನ ದನಿ, ಬೆಕ್ಕನ್ನೇ ಹಡಗಿನ ಕಪ್ತಾನಳಾಗಿಸಿ.

ದೊನ್ ಅಬುಂದಿಯೊ. ನಲವತ್ತು ವರ್ಷ ನದಿಯಲ್ಲಿ ಹಡಗು ನಡೆಸಿದವನು, ಈಗ ಎರಡು ಕಣ್ಣೂ ಹೋಗಿವೆ. ಅವನು ಕೈಯಿಂದ ತಡವಿ ತಟ್ಟೆ ಹುಡುಕಿ, ಬೇಯಿಸಿದ ಮೀನಿನ ಮುಳ್ಳು ಒಂದೊಂದೇ ಬಿಡಿಸಿ ಬೆಕ್ಕಿನ ಮುಂದಿಟ್ಟ. ಅದು ತಿನ್ನುತ್ತಿರುವಾಗ ಹೇಳತೊಡಗಿದ: "ನಿನ್ನೆ ಎಲ್ ಬಾಂಕೊ ದಾಟಿದ್ವಿ. ಇವತ್ತು ತಮಲಮೇಕೆ ತನಕ. ಬಲಕ್ಕೆ ಮರಳುದಿಬ್ಬ ಇದೆ, ನೋಡ್ಕೊಂಡು. ದಡದಲ್ಲಿ ಒಂದು ಹೆಂಗಸು ಬಿಳೀ ಬಟ್ಟೆ ಒಗೀತಿದಾಳೆ. ನಾವು ಹೋಗೋವಾಗ್ಲೂ ಒಗೀತಾಳೆ, ಬರೋವಾಗ್ಲೂ ಒಗೀತಾಳೆ. ಅಷ್ಟು ಬಟ್ಟೆ ಯಾರದು ಅಂತ ನಾನು ಕೇಳ್ಲೇ ಇಲ್ಲ."

ಎರ್ಸಿಲಿಯಾ ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತು, ಹಡಗು ತಮಲಮೇಕೆಯ ರೇವು ಮುಟ್ಟುವವರೆಗೂ ಕೇಳಿದಳು. ಒಂದು ಮಾತೂ ಆಡದೆ ಮನೆಗೆ ಬಂದಳು. ಮರುದಿನ ಹೋಗಿ ಲಾ ಗ್ಲೋರಿಯಾ ತನಕ ಕೇಳಿದಳು. ಮೂರನೆಯ ದಿನ ಅವನು ಅರ್ಧದಲ್ಲಿ ನಿಲ್ಲಿಸಿ ಹೇಳಿದ:

"ಕಿಟಕಿ ಹತ್ರ ನಿಂತಿರೋರು ಒಳಗೆ ಬನ್ನಿ. ಮೂರು ದಿನದಿಂದ ದಡದಲ್ಲೇ ನಿಂತಿದೀರ, ಕಾಲು ನೋಯಲ್ವಾ?"

ಅವಳು ಒಳಗೆ ಹೋಗಿ ಕೂತು ಎಲ್ಲವನ್ನೂ ಹೇಳಿದಳು. ಬೆಕ್ಕು ತನ್ನದು, ಕಾಯಿಲೆ ಇಂಥದು, ಮೀನು ಕೊಡಬಾರದು.

"ಬೆಕ್ಕಿಗೆ ಮೀನು ಆಗಲ್ವಾ?" ಮುದುಕ ನಕ್ಕ. "ನದಿಗೆ ನೀರು ಆಗಲ್ಲ ಅನ್ನಿ. ಪಾದ್ರಿಗೆ ಪ್ರಾರ್ಥನೆ ಆಗಲ್ಲ ಅನ್ನಿ."

"ನಗೋ ಮಾತಲ್ಲ ದೊನ್ ಅಬುಂದಿಯೊ. ಅವಳ ಹೊಟ್ಟೆ ಮುಟ್ಟಿ ನೋಡಿ."

"ಮುಟ್ಟದೆ ಇರ್ತೀನಾ? ನಿಮ್ಮ ಕಣ್ಣಿಗೆ ಬೀಳೋಕೆ ಮೊದ್ಲೇ ನನ್ನ ಬೆರಳಿಗೆ ಗೊತ್ತಾಗಿದೆ. ದಿನಾ ಕೊಬ್ಬರಿ ಎಣ್ಣೆ ಹಚ್ತಿದೀನಿ." ಅವನ ಕೈ ಬೆಕ್ಕಿನ ಬೆನ್ನಿನ ಮೇಲೆಯೇ ನಿಂತಿತು. "ಹಾಗಾದ್ರೆ ಒಂದು ಕೈಲಿ ಎಣ್ಣೆ ಹಚ್ಚಿ ಇನ್ನೊಂದು ಕೈಲಿ ಕಾಯಿಲೆ ತಿನ್ನಿಸ್ದೆ."

"ಮೀನೇ ಕಾರಣ ಅಂತ ಇನ್ನೂ ಗೊತ್ತಿಲ್ಲ."

"ಗೊತ್ತಾಗೋ ತನಕ ಯಾಕೆ ಕಾಯ್ಬೇಕು? ತಗೊಂಡ್ಹೋಗಿ."

ಮಾರನೆಯ ದಿನ ಅವನು ಕಿಟಕಿಯ ಕದ ಮುಚ್ಚಿಬಿಟ್ಟ. ಪನೇಲಾ ಒಂದು ಗಂಟೆಗೆ ಹೋಗಿ ಕಿಟಕಿಕಟ್ಟೆಯ ಮೇಲೆ ಕೂತು ಕೂಗಿತು. ಎರಡನೆಯ ದಿನವೂ ಕೂಗಿತು. ಬಿಸಿಲಿನಲ್ಲಿ ಆ ಬೋಳು ಪಕ್ಕೆ ಕೆಂಪಾಗಿ ಏಳುತ್ತಿತ್ತು, ಬೀಳುತ್ತಿತ್ತು. ಒಳಗಿನಿಂದ ಕುರ್ಚಿ ತೂಗುವ ಸದ್ದು ಮಾತ್ರ ಬರುತ್ತಿತ್ತು. ಮೂರನೆಯ ದಿನ ಎರ್ಸಿಲಿಯಾ ಡಬ್ಬಿಯಲ್ಲಿ ಬೇಯಿಸಿದ ಮೊಲದ ಮಾಂಸ ತುಂಬಿಕೊಂಡು ಹೋಗಿ ಕದ ಬಡಿದಳು.

"ತೆಗೀರಿ! ಇವಳ ಊಟ ನಾನೇ ತಂದಿದೀನಿ. ನೀವು ಹಾಕಿ ಸಾಕು."

"ನಾನು ಹಾಕಿದ್ದೆಲ್ಲ ವಿಷ ಆಗುತ್ತೆ."

"ಮುದುಕ ಮಗು ಆದ ಹಾಗೆ ಆಡ್ಬೇಡಿ. ಲಾ ಗ್ಲೋರಿಯಾದಲ್ಲಿ ಹಡಗು ನಿಂತು ಮೂರು ದಿನ ಆಯ್ತು."

ಸ್ವಲ್ಪ ಹೊತ್ತಾದ ಮೇಲೆ ಚಿಲಕ ಸರಿದ ಸದ್ದಾಯಿತು.

ಅಂದಿನಿಂದ ಅವಳು ದಿನಾ ಡಬ್ಬಿ ಹಿಡಿದು ಹೋದಳು. ಮೀನಿಲ್ಲದೆ ಅವನಿಗೆ ಊಟ ಸೇರದು, ಆದರೆ ಬೆಕ್ಕಿನೆದುರು ತಿನ್ನಲು ಮನಸ್ಸು ಒಪ್ಪದು. ಹಾಗಾಗಿ ಬೆಳಿಗ್ಗೆಯೇ ತಿಂದು, ನಿಂಬೆಹಣ್ಣಿನಿಂದ ಕೈ ಉಜ್ಜಿ ಉಜ್ಜಿ ತೊಳೆದುಕೊಂಡು ಕೂತಿರುತ್ತಿದ್ದ. ಕಿಟಕಿಯಿಂದ ನದಿಯ ಗಾಳಿ ಬರುತ್ತಿತ್ತು. ಬೆಕ್ಕು ತಿಂದು ಮಲಗುತ್ತಿತ್ತು. ಅವನು ಗಮಾರ್ರಾ ರೇವಿನ ದೀಪಗಳನ್ನು, ಮಂಜಿನಲ್ಲಿ ಮನೆಗಳಷ್ಟು ದೊಡ್ಡದಾಗಿ ಕಾಣುವ ಬಕಪಕ್ಷಿಗಳನ್ನು, ಒಮ್ಮೆ ಪ್ರವಾಹದಲ್ಲಿ ತೇಲಿ ಬಂದು ಹಡಗಿನ ಪಕ್ಕದಲ್ಲೇ ಸಾಗಿದ ಪಿಯಾನೋವನ್ನು ಮೆಲುದನಿಯಲ್ಲಿ ಬಣ್ಣಿಸುತ್ತಾ ಹೋಗುತ್ತಿದ್ದ. ಸುಳ್ಳು ಯಾವುದು, ನಿಜ ಯಾವುದು ಎಂದು ಎರ್ಸಿಲಿಯಾ ಕೇಳಲಿಲ್ಲ.

ಮೀನು ನಿಂತ ಎಂಟನೆಯ ವಾರ ನಯೀಬೆ ಕನ್ನಡಕ ಹಾಕಿಕೊಂಡು ನೋಡಿದಳು. ಪಕ್ಕೆಯ ಮೇಲೆ ಎಳೆಯ ತುಪ್ಪಟ ಬಂದಿತ್ತು, ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುವಂಥದು. "ಈಗ ಒಂದೆರಡು ದಿನ ಸ್ವಲ್ಪ ಮೀನು ಕೊಟ್ಟು ನೋಡಿ. ಆಗ ಖಚಿತ ಆಗುತ್ತೆ."

"ನಾನು ಕೊಡಲ್ಲ," ಎಂದ ಅಬುಂದಿಯೊ, ಎರ್ಸಿಲಿಯಾ ಬಂದು ಇದನ್ನು ತಿಳಿಸಿದಾಗ. "ನನಗೆ ಗೊತ್ತಾಗೋದೂ ಬೇಡ."

ಎರ್ಸಿಲಿಯಾ ತನ್ನ ಮನೆಯಲ್ಲೇ ಕೊಟ್ಟಳು. ಮೂರನೆಯ ಬೆಳಿಗ್ಗೆ ಪನೇಲಾ ಮಂಚದ ಕೆಳಗೆ ಕೂತು ಪಕ್ಕೆಯನ್ನು ಕಚ್ಚಿ ಕಚ್ಚಿ ನೆಕ್ಕುತ್ತಿತ್ತು. ಸುಳ್ಳು ಹೇಳಿಬಿಡೋಣ, ನಾನು ಮೊದಲು ಹಾಕುತ್ತಿದ್ದ ಕೋಳಿಯೇ ಕಾರಣ, ತಪ್ಪು ನನ್ನದೇ ಎಂದುಬಿಡೋಣ ಎಂದುಕೊಂಡೇ ಅವಳು ದಾರಿಯುದ್ದಕ್ಕೂ ನಡೆದಳು. ಹೋದ ಮೇಲೆ ನಿಜವನ್ನೇ ಹೇಳಿದಳು.

ಅವನು, "ಹೇಳಿದ್ದು ಒಳ್ಳೇದಾಯ್ತು. ಕುರುಡನಿಗೆ ಎಲ್ಲರೂ ಸಿಹಿ ಸುಳ್ಳೇ ಹೇಳ್ತಾರೆ," ಎಂದ. ಆಮೇಲೆ ಕೇಳಿದ: "ಇವಳ ಬಣ್ಣ ಯಾವುದು? ನಾನು ಕಪ್ಪು ಅಂದ್ಕೊಂಡಿದೀನಿ."

"ಬೆಲ್ಲದ ಬಣ್ಣ. ಹೊಸದಾಗಿ ಬರ್ತಿರೋ ಕಡೆ ಮಾತ್ರ ಬಿಳಿ."

ಅವನು ಎರಡೂ ಕೈಯಿಂದ ಬೆಕ್ಕನ್ನು ತಲೆಯಿಂದ ಬಾಲದವರೆಗೆ ನಿಧಾನವಾಗಿ ಸವರಿದ, ಅದಕ್ಕೆ ಹೊಸದಾಗಿ ಬಣ್ಣ ಹಚ್ಚುತ್ತಿರುವವನಂತೆ.

ಮಳೆಗಾಲ ಬರುವ ಹೊತ್ತಿಗೆ ಪನೇಲಾಳ ಮೈತುಂಬ ಕೂದಲು ಬಂತು. ಒಂದು ಮಧ್ಯಾಹ್ನ ಔಷಧಿ ತರಲು ಹೊರಟ ನಾನು ಆ ದಾರಿಯಲ್ಲೇ ಹೋದೆ. ಕಿಟಕಿಯಲ್ಲಿ ಇಣುಕಿದರೆ, ಒಂದು ಕುರ್ಚಿಯಲ್ಲಿ ಎರ್ಸಿಲಿಯಾ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಾಳೆ. ಇನ್ನೊಂದರಲ್ಲಿ ಮುದುಕ, ಅವನ ಮಡಿಲಲ್ಲಿ ಬೆಕ್ಕು. ಯಾರೂ ಕೇಳದಿದ್ದರೂ ಅವನು ಪಿಸುಮಾತಿನಲ್ಲಿ ಹಡಗು ನಡೆಸುತ್ತಲೇ ಇದ್ದ.

ಸಂಜೆ ನಾನು ಸುಮ್ಮನಿರಲಾರದೆ ಕೇಳಿದೆ. "ಏನು ನಿನ್ಯಾ, ಪರಪುರುಷನ ಮನೇಲಿ ನಿದ್ದೆ! ಮದುವೆ ಊಟ ಯಾವಾಗ?"

ಎರ್ಸಿಲಿಯಾ ಕುರ್ಚಿ ತೂಗುವುದನ್ನು ನಿಲ್ಲಿಸಲಿಲ್ಲ.

"ಊಟ ಹಾಕಿಸಿದ್ರೂ ಮೊಲಾನೇ ಕಣೇ, ಉಪ್ಪಿಲ್ಲದ್ದು. ಬರ್ತೀಯಾ?"